ಕೇಳಿದ್ದಕ್ಕಷ್ಟೇ ಉತ್ತರ

ಮ್ಯಾಜಿಕ್: ದ ಗ್ಯಾದರಿಂಗ್ ಆಡಲು ಕೂತಾಗ ಗೆಲ್ಲಬೇಕೆಂಬ ಆಸೆ ನನಗೂ ಇರುತ್ತದೆ. ಆದರೆ ಪಕ್ಕದ ಮೇಜಿನಲ್ಲಿ ಇಬ್ಬರು ಕಾರ್ಡ್ ಹಿಡಿದುಕೊಂಡು "ಅದು ಮೊದಲು ಆಗುತ್ತೆ", "ಇಲ್ಲ, ಇದು ಮೊದಲು" ಎಂದು ವಾದಕ್ಕಿಳಿದರೆ ನನ್ನ ಕಿವಿ ಅತ್ತ ಹೊರಳುತ್ತದೆ, ಕೈಯಲ್ಲಿರುವ ಆಟ ಹಿಂದೆ ಬೀಳುತ್ತದೆ. ಯಾರಾದರೂ ತಿರುಗಿ ನನ್ನನ್ನು ಕೇಳಲಿ ಎಂದು ಕಾಯುತ್ತೇನೆ. ಕೇಳಿದರೆ ಮನಸ್ಸಿಗೆ ಹಬ್ಬ. ಬಹಳ ಕಾಲ ಈ ಸಂತೋಷವನ್ನು ನಾನು ಪರೀಕ್ಷಿಸಲೇ ಇಲ್ಲ. ಗೊತ್ತಿದ್ದದ್ದನ್ನು ಹೇಳುತ್ತೇನೆ, ಜಗಳ ನಿಲ್ಲುತ್ತದೆ, ಇದರಲ್ಲಿ ನೋಡುವುದೇನಿದೆ ಎಂದುಕೊಂಡಿದ್ದೆ. ಒಬ್ಬ ಹುಡುಗ ಕೇಳಿದ ಒಂದು ಪ್ರಶ್ನೆ ನನ್ನನ್ನು ಹಿಡಿದು ಕೂರಿಸಿತು. ಅದರ ವಿಷಯಕ್ಕೆ ಬರುವ ಮೊದಲು ಈ ಆಟದ ಸ್ವಭಾವವನ್ನು ಸ್ವಲ್ಪ ಹೇಳಬೇಕು.

ಗಣಿತದಲ್ಲಿ ಡಾಕ್ಟರೇಟ್ ಮಾಡಿದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ 1993ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ತಂದಿತು. ಆಡುವ ಇಬ್ಬರೂ ಮಂತ್ರವಾದಿಗಳು. ಪ್ರತಿ ಕಾರ್ಡೂ ಒಂದು ಮಂತ್ರ, ಒಂದು ಪ್ರಾಣಿ, ಒಂದು ಆಯುಧ ಅಥವಾ ಒಂದು ತುಂಡು ನೆಲ. ಇಪ್ಪತ್ತು ಅಂಕದ ಜೀವ ಇಟ್ಟುಕೊಂಡು ಶುರುಮಾಡಿ ಎದುರಾಳಿಯದನ್ನು ಸೊನ್ನೆಗೆ ಇಳಿಸಬೇಕು. ಇಷ್ಟನ್ನು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಕಲಿಯಬಹುದು. ಕಷ್ಟ ಬರುವುದು ಕಾರ್ಡಿನ ಮೇಲೆ ಬರೆದ ಮಾತಿನಿಂದ. ನಿಯಮಪುಸ್ತಕದ ಮೊದಲ ಸೂತ್ರವೇ ಹೇಳುತ್ತದೆ: ಕಾರ್ಡಿನ ಮಾತಿಗೂ ನಿಯಮಕ್ಕೂ ವಿರೋಧ ಬಂದರೆ ಕಾರ್ಡಿನ ಮಾತೇ ನಡೆಯಬೇಕು. ಅಂದರೆ ಒಂದೊಂದು ಕಾರ್ಡೂ ತನ್ನದೇ ಒಂದು ಚಿಕ್ಕ ಕಾಯಿದೆಯನ್ನು ಹೊತ್ತು ಬರುತ್ತದೆ. ಇಲ್ಲಿಯವರೆಗೆ ಬಂದಿರುವ ಬೇರೆಬೇರೆ ಕಾರ್ಡುಗಳು 25,000ಕ್ಕೂ ಹೆಚ್ಚು. ಅವು ಒಂದಕ್ಕೊಂದು ಎದುರಾದಾಗ ಏನಾಗಬೇಕೆಂದು ಹೇಳುವ ಅಧಿಕೃತ ನಿಯಮಪುಸ್ತಕ 250 ಪುಟ ದಾಟುತ್ತದೆ. ಅದನ್ನು ಪೂರ್ತಿ ಓದಿದ ಆಟಗಾರರು ಕಡಿಮೆ. ಓದಿದವರನ್ನು ಉಳಿದವರು ಕೇಳುತ್ತಾರೆ. ನಾನು ಓದಿದ್ದೇನೆ, ಹೊಸ ಆವೃತ್ತಿ ಬಂದಾಗಲೆಲ್ಲ ಬದಲಾದ ಭಾಗವನ್ನು ಮತ್ತೆ ಓದುತ್ತೇನೆ.

ನಮ್ಮ ಮನೆಯಲ್ಲಿ ದೀಪಾವಳಿಗೆ ಇಸ್ಪೀಟು ಆಡುತ್ತಿದ್ದರು. ಅಲ್ಲಿ ಎಲೆ ಹಾಕಿದರೆ ಮುಗಿಯಿತು. ಚಾಪೆಯ ಮೇಲೆ ಬಿದ್ದ ಎಲೆಯ ಬಗ್ಗೆ ಮಾತಿಲ್ಲ, ಅದನ್ನು ಹಿಂದಕ್ಕೆ ತೆಗೆಯುವಂತಿಲ್ಲ, ಮುಂದಿನವರು ತಮ್ಮ ಎಲೆ ಹಾಕಬೇಕು. ಮ್ಯಾಜಿಕ್‌ನಲ್ಲಿ ಹಾಗಲ್ಲ. ನಾನು ಒಂದು ಮಂತ್ರದ ಕಾರ್ಡನ್ನು ಮೇಜಿನ ಮೇಲಿಟ್ಟರೆ ಅದು ಇನ್ನೂ ಆಗಿಲ್ಲ. ಅದು ಸ್ಟ್ಯಾಕ್ ಎಂಬ ಜಾಗದಲ್ಲಿ ಕಾದು ನಿಲ್ಲುತ್ತದೆ. ಎದುರಾಳಿಗೆ ಬಾಯಿ ಬಿಡುವ ಅವಕಾಶ ಸಿಗುತ್ತದೆ. ಅವನು ಅದರ ಮೇಲೆ ತನ್ನದೊಂದನ್ನು ಹಾಕಬಹುದು, ಅದರ ಮೇಲೆ ನಾನು ಇನ್ನೊಂದು ಹಾಕಬಹುದು. ಇಬ್ಬರೂ ಒಬ್ಬರಾದ ಮೇಲೊಬ್ಬರು "ನನ್ನದೇನೂ ಇಲ್ಲ" ಎಂದ ಮೇಲೆ ಕಡೆಗೆ ಹಾಕಿದ್ದು ಮೊದಲು ನಡೆಯುತ್ತದೆ. ಅದು ನಡೆದ ಮೇಲೆ ಮತ್ತೆ ಇಬ್ಬರಿಗೂ ಅವಕಾಶ. ಹೀಗೆ ಮೇಲಿನಿಂದ ಕೆಳಕ್ಕೆ. ಈ ಅವಕಾಶಕ್ಕೆ ಆಟಗಾರರು ಪ್ರಯಾರಿಟಿ ಅನ್ನುತ್ತಾರೆ.

ಇದರ ಅಂದ ಗೊತ್ತಾಗಲು ಮೂರು ಹಳೆಯ ಕಾರ್ಡು ಸಾಕು. ಮೂರೂ ಆಟದ ಮೊದಲ ಕಂತಿನಲ್ಲೇ ಬಂದವು. ಗ್ರಿಜ್ಲಿ ಬೇರ್ಸ್ ಎಂಬ ಕರಡಿ: ಬಲ ಎರಡು, ತಾಳಿಕೆ ಎರಡು. ಲೈಟ್ನಿಂಗ್ ಬೋಲ್ಟ್ ಎಂಬ ಸಿಡಿಲು: ಮೂರು ಪೆಟ್ಟು. ಜೈಂಟ್ ಗ್ರೋಥ್: ಆ ಸರದಿ ಮುಗಿಯುವವರೆಗೆ ಒಂದು ಪ್ರಾಣಿಗೆ ಬಲವೂ ತಾಳಿಕೆಯೂ ಮೂರು ಮೂರು ಹೆಚ್ಚಳ. ಎದುರಾಳಿ ನನ್ನ ಕರಡಿಯ ಮೇಲೆ ಸಿಡಿಲು ಬಿಟ್ಟ, ಅದಕ್ಕೆ ಉತ್ತರವಾಗಿ ನಾನು ಗ್ರೋಥ್ ಹಾಕಿದೆ ಅನ್ನಿ. ಗ್ರೋಥ್ ಮೊದಲು ನಡೆದು ಕರಡಿಯ ತಾಳಿಕೆ ಐದಾಗುತ್ತದೆ, ಮೂರು ಪೆಟ್ಟು ಬಿದ್ದರೂ ಬದುಕುತ್ತದೆ. ಅದೇ ನಾನು ಆತುರಪಟ್ಟು ಮೊದಲೇ ಗ್ರೋಥ್ ಹಾಕಿ, ಅದಕ್ಕೆ ಉತ್ತರವಾಗಿ ಅವನು ಸಿಡಿಲು ಬಿಟ್ಟರೆ ಸಿಡಿಲು ಮೊದಲು ಬಡಿಯುತ್ತದೆ. ಕರಡಿ ಸಾಯುತ್ತದೆ, ಗ್ರೋಥ್ ತಾಗಬೇಕಾದ ಪ್ರಾಣಿಯೇ ಇಲ್ಲದೆ ವ್ಯರ್ಥವಾಗುತ್ತದೆ. ಅದೇ ಮೂರು ಕಾರ್ಡು, ಅದೇ ಇಬ್ಬರು. ಯಾರು ಯಾರಿಗೆ ಉತ್ತರ ಕೊಟ್ಟರು ಎಂಬುದೊಂದೇ ಬೇರೆ.

ಇದನ್ನು ಮೊದಲ ಸಲ ಅರ್ಥಮಾಡಿಕೊಂಡಾಗ ನನಗಾದ ಆನಂದವನ್ನು ನಾನು ಇಂದಿಗೂ ಮರೆತಿಲ್ಲ. ಎರಡನೆಯವನಿಗೆ ಮಾತಾಡುವ ಅವಕಾಶ ಕೊಡದೆ ಇಲ್ಲಿ ಯಾವ ಮಂತ್ರವೂ ನಡೆಯುವಂತಿಲ್ಲ. ಯಾರ ದನಿ ದೊಡ್ಡದು, ಯಾರು ಹಿರಿಯರು, ಯಾರ ಮನೆಯಲ್ಲಿ ಆಡುತ್ತಿದ್ದೇವೆ, ಯಾವುದೂ ಲೆಕ್ಕಕ್ಕಿಲ್ಲ. ದೊಡ್ಡವರು ಒಂದು ಮಾತು ಹೇಳಿದರೆ ಅದೇ ಕೊನೆ ಎಂಬ ಮನೆಯಲ್ಲಿ ಬೆಳೆದವನು ನಾನು. ಹಾಗಾಗಿಯೇ ಈ ಆಟದ ಚಿತ್ರಗಳಿಗಿಂತ, ರಾಕ್ಷಸರು ದೇವತೆಗಳಿಗಿಂತ, ಅದರ ನಿಯಮವೇ ನನಗೆ ಹೆಚ್ಚು ಹತ್ತಿರವಾಯಿತು ಎಂದು ಈಗ ಅನ್ನಿಸುತ್ತದೆ.

ಈ ಸ್ಟ್ಯಾಕ್ ಮೊದಲಿನಿಂದ ಇದ್ದದ್ದಲ್ಲ. ಅದು ಬಂದದ್ದು 1999ರಲ್ಲಿ, ಆರನೆಯ ಆವೃತ್ತಿಯ ಜತೆಗೆ. ಅದಕ್ಕೂ ಮುಂಚೆ ಮಂತ್ರಗಳು ಗುಂಪುಗುಂಪಾಗಿ ನಡೆಯುತ್ತಿದ್ದವು; ಗುಂಪು ಒಮ್ಮೆ ನಡೆಯತೊಡಗಿದರೆ ನಡುವೆ ಯಾರೂ ಬಾಯಿ ಹಾಕುವಂತಿರಲಿಲ್ಲ. ಇಂಟರಪ್ಟ್ ಎಂಬ ಬೇರೆಯೇ ಬಗೆಯ ಕಾರ್ಡುಗಳಿದ್ದವು, ಅವಕ್ಕೆ ಬೇರೆಯೇ ವೇಗ. ಜೀವ ಸೊನ್ನೆಗಿಳಿದರೂ ಆ ಹಂತ ಮುಗಿಯುವವರೆಗೆ ಆಟಗಾರ ಸೋತಂತಲ್ಲ, ಅಷ್ಟರೊಳಗೆ ಚೇತರಿಸಿಕೊಂಡರೆ ಬದುಕಿದ. ಹಿಂದಿನ ಕಾಲದವರು ಆ ನಿಯಮಗಳನ್ನು ನೆನೆಸಿಕೊಳ್ಳುವಾಗ ಅವರ ದನಿಯಲ್ಲೊಂದು ಮಮತೆ ಇರುತ್ತದೆ. ನನಗೂ ಅಂಥ ಮಮತೆ ಇದೆ, 2009ರಲ್ಲಿ ಹೋದ ಒಂದು ನಿಯಮದ ಬಗ್ಗೆ. ಆವರೆಗೆ ಕಾಳಗದ ಪೆಟ್ಟು ಕೂಡ ಸ್ಟ್ಯಾಕ್ ಮೇಲೆ ಕಾಯುತ್ತಿತ್ತು. ಮಾಗ್ ಫೆನಾಟಿಕ್ ಎಂಬ ಒಂದು ಬಲ, ಒಂದು ತಾಳಿಕೆಯ ಪುಟ್ಟ ಗಾಬ್ಲಿನ್ ತನ್ನ ಪೆಟ್ಟನ್ನು ಸ್ಟ್ಯಾಕ್ ಮೇಲಿಟ್ಟು, ಅದು ಬೀಳುವ ಮುಂಚೆಯೇ ತನ್ನನ್ನು ಬಲಿಗೊಟ್ಟು ಇನ್ನೊಂದು ಪೆಟ್ಟು ಹಾಕಿ, ತನಗಿಂತ ದೊಡ್ಡ ಕರಡಿಯನ್ನು ಕೊಂದುಬಿಡುತ್ತಿತ್ತು. ಹೊಸ ನಿಯಮದಲ್ಲಿ ಪೆಟ್ಟು ಕಾಯುವುದಿಲ್ಲ, ನೇರ ಬೀಳುತ್ತದೆ. ಗಾಬ್ಲಿನ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹೊಸಬರಿಗೆ ಇದು ಸುಲಭ, ಸಹಜ ಎಂದು ಬದಲಾಯಿಸಿದರು. ಅದು ಸರಿಯಾದ ತೀರ್ಮಾನ ಎಂದು ಬುದ್ಧಿ ಒಪ್ಪುತ್ತದೆ. ಆದರೆ ಅಂದು ನನಗೆ ನೋವಾದದ್ದು ನಿಜ. ಆಟ ಬದಲಾಯಿತಲ್ಲ ಎಂಬುದು ಆ ನೋವಿನ ಕಾರಣ ಅಲ್ಲ. ನನಗೆ ಗೊತ್ತಿದ್ದ, ಬೇರೆಯವರಿಗೆ ಗೊತ್ತಿರದ ಒಂದು ಸಂಗತಿ ರಾತ್ರೋರಾತ್ರಿ ಬೆಲೆ ಕಳೆದುಕೊಂಡಿತಲ್ಲ ಎಂಬುದು. ಇದನ್ನು ಆಗ ಯಾರ ಹತ್ತಿರವೂ ಹೇಳಿರಲಿಲ್ಲ.

ಇನ್ನು ಆ ಹುಡುಗನ ಪ್ರಶ್ನೆ.

ಬೆಂಗಳೂರಿನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ನಾವು ಕೆಲವರು ಸೇರಿ ಆಡುತ್ತೇವೆ. ಊಟದ ಮೇಜು, ಅದು ಸಾಲದಾದರೆ ನೆಲದ ಮೇಲೆ ಜಮಖಾನ. ಅಂದು ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಒಂದು ಕಡೆ, ನಮ್ಮ ಗುಂಪಿನಲ್ಲಿ ಚೆನ್ನಾಗಿ ಆಡುವ ಹೆಣ್ಣುಮಗಳೊಬ್ಬಳು ಎದುರು. ಅವಳ ಮುಂದೆ ಟಾರ್ಮಗಾಯ್ಫ್ ನಿಂತಿತ್ತು. 2007ರಲ್ಲಿ ಬಂದ ಈ ಪ್ರಾಣಿಗೆ ಇಂಥದ್ದೇ ಎಂದು ಅಚ್ಚಾದ ಅಳತೆಯಿಲ್ಲ. ಇಬ್ಬರ ಗ್ರೇವ್‌ಯಾರ್ಡಿನಲ್ಲೂ, ಅಂದರೆ ಬಳಸಿ ಮುಗಿದ ಕಾರ್ಡುಗಳ ರಾಶಿಯಲ್ಲಿ, ಎಷ್ಟು ಬಗೆಯ ಕಾರ್ಡುಗಳಿವೆಯೋ ಅಷ್ಟು ಅದರ ಬಲ. ಅದಕ್ಕೊಂದು ಸೇರಿಸಿದರೆ ತಾಳಿಕೆ. ಆ ಹೊತ್ತಿಗೆ ರಾಶಿಗಳಲ್ಲಿ ಇದ್ದದ್ದು ಸತ್ತ ಒಂದು ಪ್ರಾಣಿ, ಬಳಸಿ ಬಿಟ್ಟ ಒಂದು ನೆಲ. ಎರಡು ಬಗೆ. ಹಾಗಾಗಿ ಟಾರ್ಮಗಾಯ್ಫ್ ಎರಡು ಬಲ, ಮೂರು ತಾಳಿಕೆಯದಾಗಿತ್ತು. ಹುಡುಗನ ಕೈಯಲ್ಲಿ ಲೈಟ್ನಿಂಗ್ ಬೋಲ್ಟ್ ಇದ್ದದ್ದು ಅವನ ಹಿಂದೆ ಕೂತಿದ್ದ ನನಗೆ ಕಾಣುತ್ತಿತ್ತು. ಅವನು ಬೆರಳಿಟ್ಟು ಎರಡೂ ರಾಶಿ ಎಣಿಸಿ, ತಿರುಗಿ ನನ್ನನ್ನು ಕೇಳಿದ:

"ಅಣ್ಣಾ, ಇದರ ಟಫ್‌ನೆಸ್ ಈಗ ಮೂರೇ ತಾನೇ?"

"ಹೌದು, ಈಗ ಮೂರು."

ಅವನು ಸಿಡಿಲು ಬಿಟ್ಟ. ಅವಳು "ಸರಿ, ನನ್ನದೇನೂ ಇಲ್ಲ" ಎಂದಳು. ಮೂರು ಪೆಟ್ಟು ಬಿತ್ತು. ಟಾರ್ಮಗಾಯ್ಫ್ ಸಾಯಲಿಲ್ಲ.

ಏಕೆಂದರೆ ಮಂತ್ರವೊಂದು ನಡೆಯುವಾಗ ಕೊನೆಯ ಕೆಲಸವೇ ಆ ಮಂತ್ರದ ಕಾರ್ಡು ಗ್ರೇವ್‌ಯಾರ್ಡಿಗೆ ಹೋಗುವುದು. ಪ್ರಾಣಿ ಸತ್ತಿತೋ ಇಲ್ಲವೋ ಎಂದು ಆಟ ನೋಡುವುದು ಅದಾದ ಮೇಲೆ, ಮುಂದಿನ ಅವಕಾಶ ಯಾರಿಗಾದರೂ ಸಿಗುವ ಹೊಸ್ತಿಲಲ್ಲಿ. ಪೆಟ್ಟು ಬಿದ್ದ ಗಳಿಗೆಗೂ ಲೆಕ್ಕ ನೋಡುವ ಗಳಿಗೆಗೂ ನಡುವೆ ಸಿಡಿಲಿನ ಕಾರ್ಡು ರಾಶಿಗೆ ಬಿದ್ದಿರುತ್ತದೆ. ಅದು ಇನ್‌ಸ್ಟಂಟ್, ಅಲ್ಲಿಯವರೆಗೆ ರಾಶಿಯಲ್ಲಿ ಇಲ್ಲದ ಮೂರನೆಯ ಬಗೆ. ಟಾರ್ಮಗಾಯ್ಫ್ ಮೂರು ಬಲ, ನಾಲ್ಕು ತಾಳಿಕೆಗೆ ಬೆಳೆದಿರುತ್ತದೆ. ತನ್ನನ್ನು ಕೊಲ್ಲಲು ಬಂದದ್ದನ್ನೇ ತಿಂದು ಬದುಕಿಕೊಳ್ಳುತ್ತದೆ. ನಾನು ಇದನ್ನು ವಿವರಿಸಿದಾಗ ಹುಡುಗನ ಮುಖ ಅರಳಿತು. ಇಷ್ಟು ಚಿಕ್ಕ ಸಂದಿಯಲ್ಲಿ ಇಷ್ಟೆಲ್ಲ ನಡೆಯುತ್ತದೆಯೇ ಎಂಬ ಬೆರಗು. ಆಮೇಲೆ ಕೇಳಿದ:

"ನಿಮಗೆ ಮೊದಲೇ ಗೊತ್ತಿತ್ತಾ ಅಣ್ಣಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅದರಲ್ಲಿ ದೂರು ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದ. ಎದುರಿದ್ದವಳು ನನ್ನ ಪರವಾಗಿ ಉತ್ತರ ಕೊಟ್ಟಳು: "ಹೇಳಿದ್ರೆ ನನ್ನ ಆಟ ಹೋಗ್ತಿತ್ತಲ್ಲೋ! ನಾನು ಅದನ್ನೇ ನಂಬ್ಕೊಂಡು ಸುಮ್ನೆ ಕೂತಿದ್ದೆ." ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಅವಳಿಗೆ ಆ ಸಂದಿ ಗೊತ್ತಿತ್ತು, ಗೊತ್ತಿದ್ದುದೇ ಅವಳ ಆಟ. ನಾನು "ಈಗ ಮೂರು, ಆದರೆ..." ಎಂದಿದ್ದರೆ ಆ "ಆದರೆ" ಅವಳ ಕೈಯಿಂದ ಕಿತ್ತು ಅವನಿಗೆ ಕೊಟ್ಟ ಕಾರ್ಡಾಗುತ್ತಿತ್ತು. ಇವತ್ತು ಅದೇ ಪ್ರಶ್ನೆ ಬಂದರೂ ನಾನು ಅದೇ ಉತ್ತರ ಕೊಡುತ್ತೇನೆ. ಆದರೆ ಅವನ "ಯಾಕೆ"ಗೆ ಅವಳ ಉತ್ತರ ಸಾಕು, ನನಗೆ ಸಾಲದು. ಅವಳ ಆಟ ಉಳಿಯಲಿ ಎಂಬ ಒಂದೇ ಕಾರಣಕ್ಕೆ ನಾನು ಸುಮ್ಮನಿದ್ದೆನೇ?

ದೊಡ್ಡ ಸ್ಪರ್ಧೆಗಳಲ್ಲಿ ಈ ವಿಷಯಕ್ಕೆ ಬರೆದಿಟ್ಟ ನಿಯಮವಿದೆ, ನನಗೆ ಅದು ಬಹಳ ಹಿಡಿಸಿದ ಭಾಗ. ಅಲ್ಲಿ ಮಾಹಿತಿಯನ್ನೇ ಬಗೆಬಗೆಯಾಗಿ ವಿಂಗಡಿಸಿದ್ದಾರೆ. ಜೀವ ಎಷ್ಟಿದೆ, ಈಗ ಯಾವ ಹಂತದಲ್ಲಿದ್ದೇವೆ ಎಂಬಂಥದ್ದನ್ನು ಮುಚ್ಚಿಡುವಂತಿಲ್ಲ. ಕೈಯಲ್ಲಿರುವ ಕಾರ್ಡು ಗುಟ್ಟು. ಇವೆರಡರ ನಡುವೆ ಇನ್ನೊಂದು ಬಗೆ: ಎಲ್ಲರ ಕಣ್ಣ ಮುಂದೆಯೇ ಇದೆ, ಆದರೆ ಯೋಚಿಸಿ ಕಂಡುಕೊಳ್ಳಬೇಕು. ಟಾರ್ಮಗಾಯ್ಫ್‌ನ ಅಳತೆ ಈ ಬಗೆಯದು. ಆಟದ ನಿಯಮಗಳೂ ಇದೇ ಬಗೆಗೆ ಸೇರುತ್ತವೆ. ಇದನ್ನು ಎದುರಾಳಿ ಕೇಳಿದರೆ ಉತ್ತರಿಸಲೇಬೇಕೆಂದಿಲ್ಲ, ಪೂರ್ತಿ ಹೇಳಬೇಕೆಂದಿಲ್ಲ; ಸುಳ್ಳನ್ನು ಮಾತ್ರ ಹೇಳುವಂತಿಲ್ಲ. ತೀರ್ಪುಗಾರರು ಕೂಡ ಇಂಥದ್ದನ್ನು ಕಂಡುಕೊಳ್ಳಲು ಆಟಗಾರನಿಗೆ ನೆರವಾಗಬಾರದು. ಗೆಳೆಯರ ಮಟ್ಟದ ಆಟದಲ್ಲಿ ಇಷ್ಟು ಬಿಗಿಯಿಲ್ಲ. ಅಲ್ಲಿ ಎಣಿಸಿ ಹೇಳಬಹುದು, ಕೇಳಿದ್ದನ್ನು ತಿಳಿಸಬಹುದು. ನಮ್ಮದು ಗೆಳೆಯರ ಮೇಜು. ಆದ್ದರಿಂದಲೇ ಎಣಿಕೆ ಕೇಳಿದಾಗ ಹೇಳಿದೆ. ಹುಡುಗ "ಇದಕ್ಕೆ ಬೋಲ್ಟ್ ಬಿಟ್ಟರೆ ಸಾಯುತ್ತಾ?" ಎಂದು ಕೇಳಿದ್ದರೆ "ಇಲ್ಲ" ಎಂದೇ ಹೇಳುತ್ತಿದ್ದೆ. ಅವನು ಅದನ್ನು ಕೇಳಲಿಲ್ಲ. ಅವನು ಕೇಳಬೇಕಾಗಿದ್ದ ಪ್ರಶ್ನೆ ನನಗೆ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ.

ಕೇಳಿದ ಪ್ರಶ್ನೆಗೂ ಕೇಳಬೇಕಾಗಿದ್ದ ಪ್ರಶ್ನೆಗೂ ನಡುವಿನ ಈ ಅಂತರದಲ್ಲಿ ನಿಂತಾಗ ನನ್ನೊಳಗೆ ಏನೇನಿರುತ್ತದೆ ಎಂದು ನೋಡತೊಡಗಿದೆ. ನ್ಯಾಯ ಇದೆ, ಅದರಲ್ಲಿ ಅನುಮಾನವಿಲ್ಲ. ಎದುರಿಗಿರುವವಳ ಬಗ್ಗೆ ಗೌರವವಿದೆ. ಅವುಗಳ ಜತೆಗೆ ಇನ್ನೊಂದೂ ಇದೆ. ನಾನು "ಈಗ" ಎಂಬುದನ್ನು ಕೊಂಚ ಒತ್ತಿ ಹೇಳಿದ್ದೆ. ಅವನು ಆ ಒತ್ತನ್ನು ಹಿಡಿಯುತ್ತಾನೋ ಇಲ್ಲವೋ ಎಂದು ನೋಡುವ ಕುತೂಹಲ ನನಗಿತ್ತು. ಹಿಡಿಯದಿದ್ದಾಗ ಒಳಗೆಲ್ಲೋ ಒಂದು ಸುಖ ಸುಳಿದುಹೋಯಿತು. ಮುಂದೆ ಆಗುವುದು ನನಗೆ ಮೊದಲೇ ಗೊತ್ತಿದೆ ಎಂಬ ಸುಖ. ಆ ಸುಖವೇ 2009ರಲ್ಲಿ ಗಾಬ್ಲಿನ್‌ನ ಉಪಾಯ ಹೋದಾಗ ನೋವಾಗಿದ್ದು. ಉತ್ತರ ಸರಿಯಾಗಿತ್ತು, ಮನಸ್ಸು ಉತ್ತರದಷ್ಟು ಶುದ್ಧವಾಗಿರಲಿಲ್ಲ.

ಆಡಿದ ಮಾತಿಗೂ ಮನಸ್ಸಿನ ಮಾತಿಗೂ ನಡುವಿನ ಇಂಥ ಅಂತರದಲ್ಲಿ ದೊಡ್ಡ ಆಟಗಾರರೂ ಬಿದ್ದಿದ್ದಾರೆ. 2017ರ ಫೆಬ್ರವರಿಯಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ನಡೆದ ಪ್ರೋ ಟೂರ್ ಸ್ಪರ್ಧೆಯಲ್ಲಿ ಒಬ್ಬ ಆಟಗಾರ ತನ್ನ ಸರದಿಯಲ್ಲಿ "ಕಾಂಬ್ಯಾಟ್" ಎಂದ. ಕಾಳಗ ಶುರುವಾಗುವ ಗಳಿಗೆಯಲ್ಲಿ ತನ್ನ ಕಾರ್ಡುಗಳಿಂದ ಮಾಡಬೇಕಾದ ಕೆಲಸ ಅವನಿಗೆ ಇನ್ನೂ ಇತ್ತು; ಆ ಗಳಿಗೆಗೆ ಹೋಗೋಣ ಎಂಬುದು ಅವನ ಮನಸ್ಸಿನಲ್ಲಿದ್ದ ಅರ್ಥ. ಆದರೆ ಅಂದಿನ ನಿಯಮದಲ್ಲಿ ಆ ಮಾತಿಗೆ "ಆ ಗಳಿಗೆ ದಾಟಿ ನೇರ ದಾಳಿಗೆ" ಎಂಬ ಅರ್ಥವಿತ್ತು. ತೀರ್ಪು ಅವನ ವಿರುದ್ಧ ಹೋಯಿತು. ಈ ಮೊಟಕು ಮಾತುಗಳನ್ನು ಶಾರ್ಟ್‌ಕಟ್ ಎನ್ನುತ್ತಾರೆ. ಪ್ರತಿ ಹೆಜ್ಜೆಗೂ "ನಿನ್ನದೇನಾದರೂ ಇದೆಯಾ" ಎಂದು ಕೇಳುತ್ತಾ ಕೂತರೆ ಆಟ ಸಾಗುವುದೇ ಇಲ್ಲ, ಹಾಗಾಗಿ ಅವು ಬೇಕೇ ಬೇಕು. ಆ ಪ್ರಸಂಗದ ಮೇಲೆ ಬಹಳ ಚರ್ಚೆಯಾಗಿ ಅದೇ ವರ್ಷ ಆ ಶಾರ್ಟ್‌ಕಟ್ಟಿನ ನಿಯಮವನ್ನು ತಿದ್ದಿದರು. ಆ ತೀರ್ಪನ್ನು ಓದಿದಾಗ ನಾನು ತೀರ್ಪುಗಾರರ ಪರ ಇದ್ದೆ. ಇವತ್ತು ಓದಿದರೂ ಅಂದಿನ ನಿಯಮಕ್ಕೆ ಅದೇ ತೀರ್ಪು ಅನ್ನುತ್ತೇನೆ. ಆದರೆ ಆಗ ಆ ಆಟಗಾರನ ಮುಖ ಹೇಗಿದ್ದೀತು ಎಂದು ನನಗೆ ಯೋಚನೆ ಬರಲಿಲ್ಲ, ಈಗ ಅದೇ ಮೊದಲು ಬರುತ್ತದೆ.

ಆಬ್ಲಿವಿಯನ್ ರಿಂಗ್‌ನಲ್ಲೂ ಇಂಥದ್ದೇ ಅಂತರ. 2007ರ ಕಾರ್ಡು. ಓದಿದರೆ ಅರ್ಥ ಸರಳ: ಇದು ಮೇಜಿಗೆ ಬಂದಾಗ ಇನ್ನೊಂದು ಕಾರ್ಡನ್ನು ಆಚೆ ಕಳಿಸು, ಇದು ಮೇಜಿನಿಂದ ಹೋದಾಗ ಆ ಕಾರ್ಡು ವಾಪಸು ಬರಲಿ. ಆದರೆ ಇವು ಎರಡು ಬೇರೆಬೇರೆ ಟ್ರಿಗರುಗಳು, ಅಂದರೆ ಏನಾದರೂ ಆದಾಗ ತಾವಾಗಿಯೇ ಏಳುವ ಪರಿಣಾಮಗಳು. ರಿಂಗ್ ಬಂದ ಕೂಡಲೇ ಮೊದಲನೆಯದು ಸ್ಟ್ಯಾಕ್ ಏರಿ ಕಾಯುತ್ತಿರುವಾಗಲೇ ಯಾರಾದರೂ ರಿಂಗನ್ನೇ ಒಡೆದರೆ ಎರಡನೆಯದು ಅದರ ಮೇಲೆ ಏರುತ್ತದೆ, ಮೊದಲು ನಡೆಯುತ್ತದೆ. ವಾಪಸು ತರಲು ಆಗಿನ್ನೂ ಏನೂ ಹೋಗಿರುವುದಿಲ್ಲ. ಆಮೇಲೆ ಮೊದಲನೆಯದು ನಡೆದು ಎದುರಾಳಿಯ ಕಾರ್ಡನ್ನು ಶಾಶ್ವತವಾಗಿ ಆಚೆ ಕಳಿಸುತ್ತದೆ. ತನ್ನ ರಿಂಗನ್ನು ತಾನೇ ಒಡೆದುಕೊಂಡು ಈ ಉಪಾಯ ಮಾಡುವವರಿದ್ದರು. ಇದರಲ್ಲಿ ಕಾರ್ಡು ಕಳೆದುಕೊಂಡವರೊಬ್ಬರಿಗೆ ನಾನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, "ಅರ್ಥವಾಯ್ತು. ಆದ್ರೆ ಕಾರ್ಡ್ ಹೇಳ್ತಿರೋದು ಇದಲ್ವಲ್ಲ" ಎಂದರು. ನಾನು ಮತ್ತೊಮ್ಮೆ ಸ್ಟ್ಯಾಕ್ ವಿವರಿಸಿದೆ. ಅವರ ಪ್ರಶ್ನೆ ಸ್ಟ್ಯಾಕ್ ಬಗ್ಗೆ ಇರಲೇ ಇಲ್ಲ. ಇದು ನ್ಯಾಯವೇ ಎಂದು ಅವರು ಕೇಳುತ್ತಿದ್ದರು. ಅದಕ್ಕೆ ನಿಜವಾದ ಉತ್ತರ ಕೊಟ್ಟವರು ಕಾರ್ಡು ಬರೆಯುವವರು: 2013ರಿಂದ ಇಂಥ ಕಾರ್ಡುಗಳನ್ನು "ಇದು ಮೇಜು ಬಿಡುವವರೆಗೆ" ಎಂಬ ಒಂದೇ ವಾಕ್ಯದಲ್ಲಿ ಬರೆಯತೊಡಗಿದರು. ಬ್ಯಾನಿಷರ್ ಪ್ರೀಸ್ಟ್ ಅಂಥ ಮೊದಲ ಕಾರ್ಡುಗಳಲ್ಲಿ ಒಂದು. ಇಲ್ಲಿ ಪ್ರೀಸ್ಟ್ ಮೊದಲೇ ಸತ್ತರೆ ಎದುರಾಳಿಯ ಕಾರ್ಡು ಎಲ್ಲಿಗೂ ಹೋಗುವುದಿಲ್ಲ. ಓದಿದವರಿಗೆ ಅನ್ನಿಸಿದ್ದೇ ಆಗುತ್ತದೆ. ನಿಯಮದ ಮೇಲೆ ನನಗಿರುವ ಪ್ರೀತಿ ಈ ತಿದ್ದುಪಡಿಯಿಂದ ಇನ್ನೂ ಹೆಚ್ಚಾಯಿತು. ಸಾಮಾನ್ಯ ಓದುಗನ ಅನ್ನಿಸಿಕೆಗೆ ಸೋತು ಬದಲಾದ ನಿಯಮ ಅದು.

ಯಾರೂ ಕೇಳದ ಪ್ರಶ್ನೆಗಳಿಗೂ ನಾನು ಉತ್ತರ ಕಲಿತಿಟ್ಟುಕೊಂಡಿದ್ದೇನೆ. ಹ್ಯುಮಿಲಿಟಿ ಮತ್ತು ಓಪಲೆಸೆನ್ಸ್ ಎಂಬ ಎರಡು ಕಾರ್ಡುಗಳ ಪ್ರಸಂಗ ನಿಯಮಪ್ರಿಯರಲ್ಲಿ ಹೆಸರುವಾಸಿ. ಮೊದಲನೆಯದು ಪ್ರಾಣಿಗಳ ಶಕ್ತಿಯನ್ನೆಲ್ಲ ಅಳಿಸಿ ಅವನ್ನು ಒಂದು ಬಲ, ಒಂದು ತಾಳಿಕೆಗೆ ಇಳಿಸುತ್ತದೆ. ಎರಡನೆಯದು ತನ್ನಂಥ ಉಳಿದ ಮಾಯೆಯ ಕಾರ್ಡುಗಳನ್ನೇ ಪ್ರಾಣಿಗಳನ್ನಾಗಿಸಿ, ಅವುಗಳ ಬೆಲೆಯಷ್ಟೇ ಬಲವನ್ನೂ ತಾಳಿಕೆಯನ್ನೂ ಕೊಡುತ್ತದೆ. ಎರಡೂ ಮೇಜಿನ ಮೇಲಿದ್ದರೆ ಹ್ಯುಮಿಲಿಟಿಯೇ ಪ್ರಾಣಿಯಾಗಿ ತನ್ನ ಶಕ್ತಿಯನ್ನು ತಾನೇ ಅಳಿಸಿಕೊಳ್ಳುತ್ತದೆ. ಅಳಿಸಿಕೊಂಡ ಮೇಲೂ ಅದರ ಪರಿಣಾಮ ನಿಲ್ಲುವುದಿಲ್ಲ. ಇದನ್ನು ಬಿಡಿಸಲು ನಿಯಮಪುಸ್ತಕದಲ್ಲಿ ಏಳು ಪದರಗಳಿವೆ. ಒಂದು ಪದರದಲ್ಲಿ ಕೆಲಸ ಶುರುಮಾಡಿದ ಪರಿಣಾಮ, ನಡುವೆ ತನ್ನ ಮೂಲ ಅಳಿದರೂ ಮುಂದಿನ ಪದರಗಳಲ್ಲಿ ಮುಂದುವರಿಯುತ್ತದೆ. ಕೊನೆಗೆ ಯಾವ ಕಾರ್ಡು ತಡವಾಗಿ ಬಂತು ಎಂಬುದರ ಮೇಲೆ ಹ್ಯುಮಿಲಿಟಿಯ ಅಳತೆ ನಿಲ್ಲುತ್ತದೆ: ಅದೇ ತಡವಾಗಿ ಬಂದಿದ್ದರೆ ಒಂದು ಬಲ, ಒಂದು ತಾಳಿಕೆ, ಓಪಲೆಸೆನ್ಸ್ ತಡವಾಗಿ ಬಂದಿದ್ದರೆ ನಾಲ್ಕು, ನಾಲ್ಕು. ಆಟದ ಮಧ್ಯೆ ಇದನ್ನು ಯಾರೂ ನನ್ನನ್ನು ಕೇಳಿಲ್ಲ. ಬಹುಶಃ ಕೇಳುವುದೂ ಇಲ್ಲ. ಆದರೂ ಒಂದು ರಾತ್ರಿ ನಿದ್ದೆ ಬಿಟ್ಟು ಕೂತು ಕಲಿತೆ. ಪ್ರಪಂಚದಲ್ಲಿ ಎಲ್ಲೋ ಒಂದು ಕಡೆಯಾದರೂ ಎಷ್ಟೇ ಗೋಜಲಾದ ಮಾತಿಗೂ ಒಂದೇ ಒಂದು ಸರಿಯುತ್ತರ ಇರುತ್ತದೆ ಎಂಬುದು ನನಗೆ ಎಷ್ಟು ಬೇಕಾಗಿದೆ ಎಂಬುದು ಆ ರಾತ್ರಿ ಗೊತ್ತಾಯಿತು. ಅಪ್ಪನ ಕಾಯಿಲೆಯ ದಿನಗಳವು. ಒಬ್ಬ ವೈದ್ಯರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಿದ್ದರು, ಇಬ್ಬರೂ ಅವರವರ ಮಟ್ಟಿಗೆ ಸರಿಯೇ ಇದ್ದರು. ಏಳು ಪದರಗಳ ಹತ್ತಿರ ನಾನು ಓಡಿಹೋಗಿದ್ದು ಆಗ.

ಆ ಉತ್ತರಗಳಿಗೂ ಒಂದು ಅಂಚಿದೆ ಎಂದು ಆಮೇಲೆ ತಿಳಿಯಿತು. 2019ರಲ್ಲಿ ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬಿಡರ್‌ಮನ್, ಆಸ್ಟಿನ್ ಹೆರಿಕ್ ಎಂಬ ಮೂವರು ಬರೆದ ಪ್ರಬಂಧವೊಂದು ಮ್ಯಾಜಿಕ್‌ನ ಕಾರ್ಡುಗಳಿಂದಲೇ ಒಂದು ಪೂರ್ಣ ಗಣಕಯಂತ್ರವನ್ನು ಕಟ್ಟಬಹುದೆಂದು ತೋರಿಸಿತು. ಅಂಥ ಸ್ಥಿತಿಯಲ್ಲಿ ಮುಂದಿನ ಪ್ರತಿ ಹೆಜ್ಜೆಯೂ ನಿಯಮದ ಪ್ರಕಾರ ನಿಶ್ಚಿತ, ಆದರೂ ಕೊನೆಗೆ ಯಾರು ಗೆಲ್ಲುತ್ತಾರೆ ಎಂಬುದನ್ನು ಮುಂಚಿತವಾಗಿ ಕಂಡುಹಿಡಿಯುವ ಸಾರ್ವತ್ರಿಕ ವಿಧಾನ ಇರಲು ಸಾಧ್ಯವಿಲ್ಲ. ಅದನ್ನು ಓದಿ ನಾನು ಕಂಗೆಡಬಹುದಿತ್ತು. ಕಂಗೆಡಲಿಲ್ಲ, ಎಲ್ಲದಕ್ಕೂ ಮೊದಲೇ ಉತ್ತರ ಗೊತ್ತಿರಬೇಕಿಲ್ಲ ಎಂದು ಹಗುರವಾದೆ.

ಮೇಜಿನಲ್ಲಿ ಕೇಳಿದಷ್ಟಕ್ಕೇ ಬಾಯಿ ಬಿಡುವ ನಾನು ಮನೆಯಲ್ಲೂ ಇದೇ ಮನುಷ್ಯ. ಅಕ್ಕ ಫೋನ್ ಮಾಡಿ "ಅಮ್ಮ ಊಟ ಮಾಡಿದ್ರೇನೋ?" ಎಂದರೆ "ಮಾಡಿದ್ರು" ಎನ್ನುತ್ತೇನೆ. ಅಮ್ಮ ಎರಡು ತುತ್ತು ತಿಂದು ತಟ್ಟೆ ಸರಿಸಿದ್ದು, ಬೆಳಿಗ್ಗೆಯಿಂದ ಮಾತಾಡದಿದ್ದದ್ದು ನನಗೆ ಗೊತ್ತಿರುತ್ತದೆ. ಅಕ್ಕ ಕೇಳುತ್ತಿರುವುದು ಅದನ್ನೇ ಎಂದೂ ಗೊತ್ತಿರುತ್ತದೆ. "ಕೇಳಿದ್ದಕ್ಕಷ್ಟೇ ಉತ್ತರ ಕೊಡ್ತೀಯ ಕಣೋ ನೀನು, ನಿನ್ನಿಂದ ಒಂದು ವಿಷಯ ತಿಳ್ಕೋಬೇಕಾದ್ರೆ ಹತ್ತು ಸಲ ಕೇಳ್ಬೇಕು" ಎಂದು ಅವಳು ಬೈದಿದ್ದಾಳೆ. ಬೈಗುಳ ನನಗೆ ನಾಟಿದೆ. ಆಟದ ಮೇಜಿನಲ್ಲಿ ಈ ಗುಣಕ್ಕೆ ಕಾರಣವಿದೆ. ಅಲ್ಲಿ ಎದುರಿಗೆ ಇನ್ನೊಬ್ಬರು ಕೂತಿರುತ್ತಾರೆ, ಒಬ್ಬರಿಗೆ ಹೆಚ್ಚಾಗಿ ಕೊಟ್ಟ ಮಾತು ಇನ್ನೊಬ್ಬರಿಂದ ಕಸಿದದ್ದು. ಅಕ್ಕನ ಎದುರಿಗೆ ಯಾರು ಕೂತಿದ್ದಾರೆ? ಯಾರ ಆಟ ಉಳಿಸಲು ನಾನು ಅಲ್ಲಿ ಸುಮ್ಮನಿರುತ್ತೇನೆ?

ಇಷ್ಟು ನೋಡಿದ ಮೇಲೆ ನನ್ನ ಮೇಲೆ ನಾನೊಂದು ಕಟ್ಟು ಹಾಕಿಕೊಂಡಿದ್ದೇನೆ. ಸ್ಪರ್ಧೆಗಳಲ್ಲಿ ಟ್ರಿಗರು ಮರೆತರೆ ಅದನ್ನು ನೆನಪಿಸಬೇಕಾದ ಹೊಣೆ ಎದುರಾಳಿಗಿಲ್ಲ. ನಿಯಮ ಮುರಿದರೆ ಮಾತ್ರ, ಮುರಿದವರು ಯಾರೇ ಇರಲಿ, ಕೂಡಲೇ ಹೇಳಬೇಕು, ಲಾಭಕ್ಕಾಗಿ ಹೇಳದಿದ್ದರೆ ಅದು ಮೋಸ. ಸ್ಪರ್ಧೆಯಲ್ಲಿ ನಾನು ಇದನ್ನು ಅಕ್ಷರಶಃ ಪಾಲಿಸುತ್ತೇನೆ. ಗೆಳೆಯರ ಮೇಜಿನಲ್ಲಿ ನಾನೇ ಎದುರಾಳಿಯಾಗಿದ್ದರೆ ಅವರು ಮರೆತ ಟ್ರಿಗರನ್ನು ನಾನೇ ನೆನಪಿಸುತ್ತೇನೆ. ಅಲ್ಲಿ ಕಳೆದುಕೊಳ್ಳುವುದು ನನ್ನದೇ ಆಟ, ಅದನ್ನು ಕೊಡುವ ಹಕ್ಕು ನನಗಿದೆ. ಇಬ್ಬರು ಬೇರೆಯವರು ಆಡುತ್ತಿರುವಾಗ ಆ ಹಕ್ಕು ನನಗಿಲ್ಲ; ಅಲ್ಲಿ ಕೇಳಿದ್ದಕ್ಕಷ್ಟೇ ಉತ್ತರ. ಆದರೆ ಆಟ ಮುಗಿದ ಕೂಡಲೇ, ಕಾರ್ಡುಗಳನ್ನು ಜೋಡಿಸುವ ಮುಂಚೆ, ಅವರು ಕೇಳದೇ ಬಿಟ್ಟದ್ದನ್ನೂ ಕೂತು ಹೇಳುತ್ತೇನೆ, ಆ ಗಳಿಗೆಯ ಸ್ಥಿತಿಯನ್ನು ಮೇಜಿನ ಮೇಲೆ ಮತ್ತೆ ಜೋಡಿಸಿ ತೋರಿಸುತ್ತೇನೆ. ಮುಂಚೆ ಇದನ್ನು ಮಾಡುತ್ತಿರಲಿಲ್ಲ. ಕೇಳಿದರೆ ಹೇಳೋಣ ಎಂದುಕೊಂಡು ಇಟ್ಟುಕೊಳ್ಳುತ್ತಿದ್ದೆ.

ಆ ಹುಡುಗ ಈಗ ಪ್ರಶ್ನೆ ಕೇಳುವ ರೀತಿ ಬದಲಾಗಿದೆ. "ಇದು ಎಷ್ಟು" ಎಂದು ಕೇಳುವುದಿಲ್ಲ. "ಇದು ನಡೆದು, ಲೆಕ್ಕ ನೋಡುವ ಹೊತ್ತಿಗೆ ಎಷ್ಟಾಗಿರುತ್ತೆ" ಎಂದು ಕೇಳುತ್ತಾನೆ. ಹೋದ ವಾರ ಸ್ಪ್ಲಿಟ್ ಸೆಕೆಂಡ್ ಎಂಬ ಗುಣದ ಬಗ್ಗೆ ಕೇಳಿದ: ಅಂಥ ಮಂತ್ರ ಸ್ಟ್ಯಾಕ್ ಮೇಲಿರುವಾಗ ಯಾರೂ ಬೇರೆ ಮಂತ್ರ ಹಾಕುವಂತಿಲ್ಲ, ಹಾಗಾದರೆ ಮುಖ ಕೆಳಗೆ ಮಾಡಿಟ್ಟ ಮಾರ್ಫ್ ಕಾರ್ಡನ್ನು ತಿರುಗಿಸಬಹುದೇ? ತಿರುಗಿಸಬಹುದು, ಅದು ಸ್ಟ್ಯಾಕ್ ಬಳಸುವ ಕೆಲಸವಲ್ಲ. ತಿರುಗಿದಾಗ ಏಳುವ ಟ್ರಿಗರು ಸ್ಟ್ಯಾಕ್ ಏರಿ ಆ ಮಂತ್ರಕ್ಕಿಂತ ಮುಂಚೆ ನಡೆಯುತ್ತದೆ. ನಾನು ಉತ್ತರ ಹೇಳಿ ಮುಗಿಸುವುದರೊಳಗೆ ಅವನ ಎದುರಿಗಿದ್ದವಳು ತನ್ನ ಕೈಯಲ್ಲಿದ್ದ ಕಾರ್ಡನ್ನು ಒಮ್ಮೆ ನೋಡಿ, "ಈ ಪ್ರಶ್ನೆ ಯಾಕೆ ಬಂತಪ್ಪಾ ಈಗ?" ಎಂದು ಅವನ ಮುಂದೆ ಮುಖ ಕೆಳಗಾಗಿದ್ದ ಕಾರ್ಡಿನತ್ತ ಬೆರಳು ತೋರಿಸಿದಳು. ಅವನು ಕೇಳಿದ್ದರಿಂದಲೇ ಅವಳಿಗೆ ಅರ್ಧ ಗೊತ್ತಾಗಿಹೋಗಿತ್ತು. ಇನ್ನು ಮುಂದೆ ಇಂಥ ಪ್ರಶ್ನೆಯಿದ್ದರೆ ಎದ್ದು ಬಾ, ಅಡುಗೆಮನೆಯಲ್ಲಿ ನಿಂತು ಕೇಳು ಎಂದು ಅವನಿಗೆ ಹೇಳಿದ್ದೇನೆ.